ಐದು ಮಂದಿ ಕುಲಕರ್ಣಿಬಾಯಿ

ಒಬ್ಬರನ್ನೇ ಐದು ಸಲ ಹೊಸದಾಗಿ ಪರಿಚಯ ಮಾಡಿಕೊಳ್ಳುವವರನ್ನು ನೀವು ನೋಡಿದ್ದೀರಾ? ನನ್ನ ಕಾಕಾ ಅಂಥವರು! ಕೆಲವು ವಿವರ ನನಗೆ ತಪ್ಪಾಗಿ ನೆನಪಿರಬಹುದು; ನನ್ನ ನೆನಪಿಗೆ ಒಗ್ಗರಣೆ ಹಾಕುವ ಚಟವಿದೆ. ಆದರೆ ಕಾಕಾನ ಫೋನಿನಲ್ಲಿದ್ದ ಗಿರಾಕಿಗಳೆಲ್ಲ ಹಡಪಸರದ ಅವರ ಸೀರೆ ಅಂಗಡಿಯ ಹೊಸ ಕಂಪ್ಯೂಟರಿಗೆ ಏರಿದ ವರ್ಷ ಆದ ಫಜೀತಿ ಮಾತ್ರ ನಿಜ.

ಆ ದೀಪಾವಳಿಗೆ ಶುಭಾಶಯದ ಮೆಸೇಜು ಒಬ್ಬೊಬ್ಬರಿಗೂ ಮೂರೋ ಐದೋ ಸಲ ಹೋಯಿತು. ಹಳೆಯ ಗಿರಾಕಿ ಕುಲಕರ್ಣಿಬಾಯಿ ಅಂಗಡಿಗೇ ಬಂದು, ಹೀಗೇ ಕಾಟ ಕೊಟ್ಟರೆ ಸೀರೆ ಬೇರೆ ಕಡೆ ಕೊಳ್ಳುತ್ತೇನೆಂದು ಮರಾಠಿಯಲ್ಲಿ ಹರಿಹಾಯ್ದು ಹೋದರು. ಸಂಕ್ರಾಂತಿಯ ಮೆಸೇಜು ಹೊರಡುವುದರೊಳಗೆ ಒಬ್ಬೊಬ್ಬರ ದಾಖಲೆಗಳನ್ನು ಕೂಡಿಸಿ ಒಂದೇ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ತೆರೆದು ನೋಡಿದರೆ ನಂಬರ್ ಒಂದೇ, ಬಂದ ಕಾರಣಕ್ಕೊಂದರಂತೆ ಕಾಕಾ ಬರೆದಿಟ್ಟ ಹೆಸರು ಐದು! ‘ಕುಲಕರ್ಣಿಬಾಯಿ, ಮಗಳ ಮದುವಿ.’ ‘ಕುಲಕರ್ಣಿಬಾಯಿ, ಸೊಸಿ ಸೀಮಂತ.’ ‘ಕುಲಕರ್ಣಿಬಾಯಿ, ಸೊಸಿ ಜೋಡಿ ಜಗಳ.’ ಜಗಳಕ್ಕೂ ಸೀರೆಗೂ ಏನು ಸಂಬಂಧವೆಂದು ಕೇಳಿದೆ. ಕಾಕಾ ಸೀರೆ ಮಡಚುತ್ತಲೇ ಹೇಳಿದರು:

“ಜಗಳಾಡಿ ಬಂದಾಕಿ ತನಗ ಭಾರೀ ಸೀರಿ ತೊಗೋತಾಳ. ಸೊಸೀಗೆ ತೊಗೊಳ್ಳಾಕ ಬಂದಾಕಿ ಮೊದಲ ರೇಟ್ ಕೇಳತಾಳ.”

“ಕಾಕಾ, ಇಬ್ರೂ ಒಬ್ಬಾಕೀನ ಅಲ್ಲೇನು?”

“ನಿನಗ ಭಾಳ ಗೊತ್ತು. ನಾಕ ದಿನ ಅಂಗಡ್ಯಾಗ ಕೂತು ನೋಡು.”

ಭೋರ್ ಊರಿನಿಂದ ಬರುತ್ತಿದ್ದ ಮಾಸ್ತರರೂ ಮೂವರಿದ್ದರು: ‘ಮಾಸ್ತರ, ಹೆಂಡತಿ ಜೋಡಿ’, ‘ಮಾಸ್ತರ, ಒಬ್ಬರ ಬಂದಾಗ’, ‘ಮಾಸ್ತರ, ಮರುದಿನ ಸೀರಿ ಬದ್ಲಿ ಮಾಡಾಕ.’ ಮೂವರನ್ನೂ ಒಂದೇ ಒತ್ತಿಗೆ ಒಬ್ಬರನ್ನಾಗಿ ಮಾಡಿದಾಗ, ಯಾರದೋ ಸಂಸಾರದಲ್ಲಿ ಕೈಯಾಡಿಸಿದ ಹಾಗೆ ಅಳುಕಾಯಿತು.

ಆಮೇಲೆ ನನ್ನದೇ ನಂಬರ್ ಬಂತು.

‘ಅಣ್ಣನ ಮಗಳು, ಇಂಟರ್ವ್ಯೂ ಸೀರಿ, ಹೆದರ್ಯಾಳ.’
‘ಅಣ್ಣನ ಮಗಳು, ಮದುವಿ.’
‘ಅಣ್ಣನ ಮಗಳು, ಮದುವಿ ಸೀರಿ ವಾಪಸ್. ಏನೂ ಕೇಳಬಾರದು.’

ಮದುವೆ ನಿಂತುಹೋದ ಮೇಲೆ, ಆ ಸೀರೆಯನ್ನು ಅಂಗಡಿಯ ಗಾದಿಯ ಮೇಲೆ ನಾನೇ ತಂದಿಟ್ಟಿದ್ದೆ. ಅದು ಬೆಳಗಿನ ಹೊತ್ತೋ ಸಂಜೆಯೋ, ಈಗ ಹೇಳಲಾರೆ. ಕಾಕಾ ರಸ್ತೆಯ ಟ್ರಾಫಿಕ್ಕಿನ ಬಗ್ಗೆ ಬಹಳ ಹೊತ್ತು ಮಾತಾಡಿದ್ದು ನೆನಪಿದೆ.

ಯಾವ ದಾಖಲೆ ಉಳಿಯಬೇಕೆಂದು ಕಂಪ್ಯೂಟರ್ ಕೇಳುತ್ತಿತ್ತು. ಪರದೆಯನ್ನು ಕಾಕಾನ ಕಡೆಗೆ ತಿರುಗಿಸಿದೆ. ಅವರು ಚಷ್ಮಾ ಹಾಕಿಕೊಂಡು ಓದಿದರು, ತೆಗೆದು ಒರೆಸಿಕೊಂಡರು, ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ “ಬರ್ರಿ, ಬರ್ರಿ” ಎನ್ನುತ್ತ ಎದ್ದು ಹೋದರು. ನಾನು ಅವರ ಬೆನ್ನಿಗೇ ಕೂಗಿ ಕೇಳಿದೆ:

“ಕಾಕಾ, ಈ ಮೂವರೊಳಗ ಯಾರನ್ನ ಇಟ್ಕೊಳ್ಳಲಿ?”