ದಾಸವಾಳ ನುಂಗಿದ ಮಾತ್ರೆಗಳು

ಇದನ್ನು ಹೇಳದೆ ಮೂರು ವರ್ಷ ತಳ್ಳಿದ್ದೇನೆ. ಮೊದಲು ಹೊಸದಾಗಿ ಹಾಕಿಸಿದ ಲೋಹದ ಮಂಡಿಯ ನೋವಿನ ನೆಪವಿತ್ತು. ಈಗ ಅದು ಪಳಗಿದೆ, ನೋವೂ ಇಲ್ಲ, ನೆಪವೂ ಇಲ್ಲ. ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ನಲವತ್ತು ವರ್ಷ ಇಡ್ಲಿ ಹೋಟೆಲು ನಡೆಸಿದವನು ನಾನು. ಸಪ್ಲೈಯರ್ ಒಂದು ಗಳಿಗೆ ನಿಂತರೂ "ಕಾಲಿಗೆ ಬೇರು ಬಿಟ್ಟಿದೆಯೇನೋ?" ಎಂದು ಗದರುತ್ತಿದ್ದೆ. ಮಂಡಿ ಬದಲಿಸಿಕೊಂಡು ಮನೆಗೆ ಬಂದ ಮೇಲೆ ನನಗೇ ಬೇರು ಬಿಟ್ಟಿತು. ಹಾಸಿಗೆಯಿಂದ ಏಳಲೊಲ್ಲೆ.

ನೋಡಿಕೊಳ್ಳಲು ಮಗ ಏಜೆನ್ಸಿಯಿಂದ ಒಬ್ಬಾಕೆಯನ್ನು ಗೊತ್ತುಮಾಡಿದ. ಇಂಡಿ ಕಡೆಯವಳು, ಮದುವೆಯಾಗಿ ಪೈಠಣ ಸೇರಿದವಳು. ಮನೆಗೆಲಸಕ್ಕೆ ಬರುವವರನ್ನು ಕರೆಯುವ ಇಲ್ಲಿಯ ರೂಢಿಯಂತೆ ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ನನ್ನ ಕಾಲಿಗೆ ಬಿಗಿಯಾದ ಬಿಳಿ ಕಾಲುಚೀಲ ಏರಿಸಿ, ಗಂಟೆಗೊಮ್ಮೆ ಬಂದು, "ಕಾಕಾ, ಪಾದ ಮ್ಯಾಲ ಕೆಳಗ ಮಾಡ್ರಿ. ಸುಮ್ನ ಬಿದ್ಕೊಂಡ್ರ ಕಾಲಾಗ ರಕ್ತ ಗಡ್ಡಿ ಕಟ್ಟತೈತಿ. ಅದು ಎದಿಗೆ ಏರ್ತಂದ್ರ ಜೀವಕ್ಕ ಕುತ್ತು" ಎನ್ನುವಳು. ಊಟವಾದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟು, ಚೀಟಿಯಲ್ಲಿ ಗುರುತು ಹಾಕುವಳು.

ಆ 'ತೆಳು' ನನಗೆ ಹಿಡಿಸಲಿಲ್ಲ. "ಸಾಂಬಾರಿಗೆ ಒಂದು ಚೊಂಬು ನೀರು ಹೆಚ್ಚು ಹಾಕಲು ಬಿಟ್ಟವನಲ್ಲ ನಾನು. ನನ್ನ ರಕ್ತಕ್ಕೇ ನೀರು ಹಾಕ್ತೀಯಾ?" ಎಂದೆ.

"ಸಾಂಬಾರ ಗಟ್ಟಿ ಆದ್ರ ತಳಾ ಹಿಡೀತೈತ್ರಿ ಕಾಕಾ," ಎಂದು ನಕ್ಕಳು.

ಹೋಟೆಲಿನವನಿಗೇ ಸಾಂಬಾರಿನ ಪಾಠ! ಅಂದಿನಿಂದ ಮಾತ್ರೆಯನ್ನು ದವಡೆಯಲ್ಲಿ ಅಡಗಿಸಿಟ್ಟು, ಅವಳು ಅತ್ತ ಹೋದೊಡನೆ ಕಿಟಕಿಯ ದಾಸವಾಳದ ಕುಂಡಕ್ಕೆ ಉಗಿಯತೊಡಗಿದೆ.

ಎಂಟನೆಯ ದಿನ ಮೀನಖಂಡ ಊದಿ ಕಲ್ಲಾಯಿತು. ಸ್ಕ್ಯಾನ್ ನೋಡಿದ ಡಾಕ್ಟರು, "ರಕ್ತ ಹೆಪ್ಪುಗಟ್ಟಿದೆ. ಮಾತ್ರೆ ತಪ್ಪಿತೇ?" ಎಂದರು. ಮಗ ನನ್ನತ್ತ ನೋಡಿದ. ಎಪ್ಪತ್ತೆರಡು ವರ್ಷದ ಬಾಯಿಂದ ಥಟ್ಟನೆ ಬಂತು: "ಇವಳು ಕೊಟ್ಟರೆ ತಾನೆ!"

ಜೊತೆಗೆ ಬಂದಿದ್ದ ಮಾವಶಿ ಚೀಟಿ ಮುಂದೆ ಹಿಡಿದಳು. "ನೋಡ್ರಿ ಅಣ್ಣಾರ, ದಿನಾ ಗುರ್ತ ಹಾಕೀನಿ."

"ಗುರುತೇನು, ನಮ್ಮ ಹೋಟೆಲಿನ ಬಚ್ಚಲ ಗೋಡೆಯ ಚೀಟಿಯಲ್ಲೂ ದಿನಾ ಇರ್ತದೆ, ತೊಳೆದವರು ಯಾರು?" ಎಂದೆ. ಮಗ ನಕ್ಕುಬಿಟ್ಟ. ಅವಳ ಕೆಲಸ ಹೋದದ್ದು ಆ ನಗೆಯಲ್ಲೇ. ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಕಳಿಸಿದ್ದ ಏಜೆನ್ಸಿಯೂ ಅವಳನ್ನು ಬಿಟ್ಟಿತೆಂದು ಆಮೇಲೆ ಕೇಳಿದೆ.

ಗಡ್ಡೆ ಶ್ವಾಸಕೋಶಕ್ಕೆ ಏರುವ ಮೊದಲೇ ಹೊಟ್ಟೆಗೆ ರಕ್ತ ತೆಳುವಾಗಿಸುವ ಸೂಜಿ ಚುಚ್ಚಿಸಿಕೊಂಡು ಬದುಕಿದೆ. ದಾಸವಾಳವೂ ಬದುಕಿದೆ, ನನಗಿಂತ ಗಟ್ಟಿಯಾಗಿದೆ. ಈಗ ನಾಸಿಕದ ಮಗಳ ಮನೆಗೆ ಬಸ್ಸಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಪಾದ ಮೇಲೆ ಕೆಳಗೆ ಆಡಿಸುತ್ತೇನೆ. ನಡುದಾರಿಯ ಯೇವಲಾ ಬರುವಷ್ಟರಲ್ಲಿ ಪಕ್ಕದವರು ಬೇರೆ ಸೀಟು ಹುಡುಕಿಕೊಂಡಿರುತ್ತಾರೆ. ಅದಕ್ಕಿಂತ ಎಷ್ಟೋ ಹತ್ತಿರದ, ಅವಳ ಪೈಠಣಕ್ಕೆ ಮಾತ್ರ ಇನ್ನೂ ಬಸ್ಸು ಹತ್ತಿಲ್ಲ.

ಆ ಚೀಟಿ ನನ್ನ ಬಳಿಯಿದೆ. ಏಳು ದಿನ, ಏಳು ಗುರುತು, ಎಲ್ಲವೂ ನಿಜ. ಕೆಳಗೆ ರುಜುವಿದೆ. ಮಾವಶಿಗೂ ಒಂದು ಹೆಸರಿದೆಯೆಂದು ನಾನು ತಿಳಿದದ್ದು ಅದನ್ನು ಓದಿದಾಗಲೇ: ನೀಲಮ್ಮ ದತ್ತು ಶಿಂದೆ.