ಮಹಬೂಲಾದ ಸುನಾಮಿ ಕವಾಯತು

ಕೊಲ್ಲಿಯ ಸರಾಸರಿ ಆಳ ಮೂವತ್ತೈದು ಮೀಟರ್. ಅಲ್ಲಿ ದೊಡ್ಡ ಸುನಾಮಿ ಏಳುವ ಸಂಭವ ತೀರಾ ಕಡಿಮೆ. ಆದರೆ ಹೆಡ್ ಆಫೀಸಿಗೆ ಕಡಲೆಂದರೆ ಕಡಲೇ. ದಡದಲ್ಲಿರುವ ನೌಕರರನ್ನೂ ಕುಟುಂಬಗಳನ್ನೂ ಹದಿನೈದು ನಿಮಿಷದಲ್ಲಿ ತೆರವು ಮಾಡಿ ತೋರಿಸಿ ಎಂದು ಸುತ್ತೋಲೆ ಬಂತು. ಗಲ್ಫಿನ ದಡದ ಊರು ಮಹಬೂಲಾದ ಸ್ಟಾಫ್ ಬಿಲ್ಡಿಂಗಿನಲ್ಲಿ ಅದು ಸೇಫ್ಟಿ ಕ್ಲರ್ಕ್ ಸ್ಟ್ಯಾನಿಯ ತಲೆಗೆ ಬಿತ್ತು. ಹೆಡ್ ಆಫೀಸಿನವರು ನೋಡಲು ಬರುವುದೂ ಅವನು ಊರಿಗೆ ಹಾರಬೇಕಾದ ಶುಕ್ರವಾರವೇ.

ಶನಿವಾರ ಸಂಜೆ ಶಿರ್ವದಲ್ಲಿ ಮಗಳು ಶರ್ಲಿನ್‌ಳ ರೋಸ್ ಶಾಸ್ತ್ರ. ಮದುವೆಗೆ ಮುಂಚೆ ಅವಳ ತಲೆಗೆ ತೆಂಗಿನ ಹಾಲು ಮೊದಲು ಹಾಕಬೇಕಾದವರು ಅಪ್ಪ ಅಮ್ಮ.

"ಮೂರು ಸಲ ಡ್ರಿಲ್ ಮಾಡಿದ್ರಿ, ಮೂರು ಸಲವೂ ನೀವೊಬ್ರೇ ಓಡಿ ಬಂದ್ರಿ ಕಣ್ರೀ," ಎಂದರು ಮ್ಯಾನೇಜರ್ ಸಿದ್ದಯ್ಯ. "ಇವತ್ತು ಸರಿಹೋದ್ರೆ ದೇಶ ಬಿಡೋಕೆ ಎಕ್ಸಿಟ್ ಪರ್ಮಿಟ್‌ಗೆ ಒಪ್ಪಿಗೆ ಕೊಡ್ತೀನಿ. ಇಲ್ದಿದ್ರೆ ಖಲಾಸ್."

ಸ್ಟ್ಯಾನಿ ಅರವತ್ತೆರಡು ಬಾಗಿಲು ತಟ್ಟಿದ. ಐದನೇ ಮಹಡಿಯ ಮೊಲ್ಲಿಬಾಯಿ ಸೌಟು ಹಿಡಿದೇ ಬಂದಳು.

"ಸುನಾಮಿಯಾ? ಅದು ಬಂದಾಗ ಹೇಳು ಮಾರಾಯ. ಸನ್ನಾಸ್ ಬೇಯಲು ಇಟ್ಟಿದ್ದೇನೆ. ಅಲ್ಲ, ನೀನು ಇವತ್ತು ಊರಿಗಲ್ಲವಾ? ಕೆಳಗೆ ಎಷ್ಟು ಗಂಟೆಗೆ ಸಿಗ್ತಿ?"

"ಐದಕ್ಕೆ, ಪಾರ್ಕಿಂಗಲ್ಲಿ. ಮನೆಗೊಂದು ಚೀಲ ಇರಬೇಕು."

"ಒಂದೇ ಅಲ್ಲವಾ, ಆಯ್ತು!"

ಐದಕ್ಕೆ ಸೈರನ್ ಕೂಗಿತು. ಬೆಲ್ಲದ ಡಬ್ಬಿ ಕೊಡವಿದಾಗ ಇರುವೆ ಉದುರುವಂತೆ ಜನ ಉದುರಿದರು. ನಾಲ್ಕೇ ನಿಮಿಷ. ಅರವತ್ತೆರಡು ಕುಟುಂಬ, ಅರವತ್ತೆರಡು ಚೀಲ. ಸ್ಟ್ಯಾನಿಯ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಮೊಲ್ಲಿಬಾಯಿ ತನ್ನ ಚೀಲವನ್ನು ಅವನ ಎದೆಗೊತ್ತಿದಳು. "ಬಾದಾಮಿ, ಹಾಲಿನ ಪುಡಿ, ನೋವಿನ ಎಣ್ಣೆ. ಅಮ್ಮನಿಗೆ. ಎರಡೇ ಕಿಲೋ."

ಹಿಂದೆ ಉದ್ದ ಸಾಲು. ಜನರನ್ನು ಒಳನಾಡಿಗೆ ಒಯ್ಯಬೇಕಿದ್ದ ಬಸ್ಸಿನ ಡ್ರೈವರ್ ಅಬ್ದುಲ್ ಸಲಾಂ ಕೂಡ ಇಳಿದು ಬಂದ. "ಭಾಯಿ, ನನ್ನ ಹೆಂಡತಿ ಸೈನಬಾಗೆ ಒಂದು ಅತ್ತರಿನ ಬಾಟ್ಲಿ. ಅದೆಂತ ಭಾರವಾ?"

ಹೆಡ್ ಆಫೀಸಿನ ಸ್ಯಾಮುವೆಲ್ ಸಾಹೇಬರು ದೂರದಿಂದ ಚೀಲಗಳನ್ನಷ್ಟೇ ಎಣಿಸಿದ್ದರು. "ಅದ್ಭುತ! ಎಲ್ಲರ ಕೈಯಲ್ಲೂ ತುರ್ತು ಚೀಲ! ನಾಳೆ ಇದೇ ಹೊತ್ತಿಗೆ ಚೇರ್ಮನ್ ಇದನ್ನು ನೋಡಬೇಕು. ಸ್ಟ್ಯಾನಿಯೇ ನಡೆಸಬೇಕು."

ಪರ್ಮಿಟ್‌ಗೆ ಒಪ್ಪಿಗೆಯ ಗುಂಡಿ ಒತ್ತಲು ಸಿದ್ದಯ್ಯ ಎತ್ತಿದ್ದ ಮೊಬೈಲು ಮೆಲ್ಲಗೆ ಕೆಳಗಿಳಿಯಿತು.

ಸ್ಟ್ಯಾನಿಗೆ ಉಳಿದದ್ದು ಸತ್ಯವೊಂದೇ. "ಸರ್, ಇವರು ಸುನಾಮಿಗೆ ಬಂದವರಲ್ಲ. ಊರಿಗೆ ಪಾರ್ಸೆಲ್ ಕೊಡಲು ಬಂದದ್ದು. ನನ್ನ ಸಾಮರ್ಥ್ಯ ಇದರಲ್ಲಿ ಎಂತದೂ ಇಲ್ಲ. ನನ್ನನ್ನು ಬಿಡಿ."

ಸಾಹೇಬರು ಮೂರು ಚೀಲ ಬಿಚ್ಚಿ ನೋಡಿದರು. ವರದಿಯಲ್ಲಿ ಒಂದು ಗೆರೆ ಎಳೆದರು. "ಹಾಗಾದರೆ ಹಾಜರಿ ಸೊನ್ನೆ. ನಾಳೆ ಐದಕ್ಕೆ ಮತ್ತೆ ಮಾಡಿಸಿ."

"ಸುಮ್ನಿದ್ದಿದ್ರೂ ಹೋಗೋಕಾಗ್ತಿರ್ಲಿಲ್ಲ," ಎಂದು ಸಿದ್ದಯ್ಯ ನಿಟ್ಟುಸಿರಿಟ್ಟರು. "ಹೆಸರಾದ್ರೂ ಉಳೀತಿತ್ತಲ್ರೀ."

ಶನಿವಾರ ಸಂಜೆ ಐದು. ಶಿರ್ವದಲ್ಲಿ ಏಳೂವರೆ. ಸೈರನ್ ಕೂಗಿ ಕೂಗಿ ನಿಂತಿತು. ಖಾಲಿ ಪಾರ್ಕಿಂಗಿನಲ್ಲಿ ಸ್ಟ್ಯಾನಿ ಒಂದು ಕೈಯಲ್ಲಿ ಮೆಗಾಫೋನು, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತಿದ್ದ. ಪರದೆಯಲ್ಲಿ ಶರ್ಲಿನ್ ಕಣ್ಣು ಮುಚ್ಚಿ ಕೂತಿದ್ದಳು. ಅವಳ ತಲೆಗೆ ಹಾಲು ಹಾಕುತ್ತಿದ್ದದ್ದು ಚಿಕ್ಕಪ್ಪ.

ಐದನೇ ಮಹಡಿಯ ಕಿಟಕಿ ತೆರೆಯಿತು.

"ಸ್ಟ್ಯಾನಿ, ಒಬ್ಬನೇ ಎಂತ ಮಾಡ್ತಿ ಅಲ್ಲಿ? ನಿನ್ನ ಬದಲು ಊರಿಗೆ ಯಾರು ಹೋಗ್ತಾರೆ ಹೇಳು, ಈಗಲೇ ಇಳಿದು ಬರ್ತೇನೆ!"