ಕುವೈತಿಗೆ ಹೊರಟ ಹತ್ತು ಬೆರಳು

ಮಸಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಮೂಡಲಗಿಯಲ್ಲಿ ಅಕ್ಷರದ ಮೊಳೆ ಜೋಡಿಸಿ ಲಗ್ನಪತ್ರಿಕೆ ಹೊಡೆಯುವ ಪ್ರೆಸ್ಸು ನನ್ನದು. ಗೋಕಾಕಕ್ಕೆ ಆಗತಾನೇ ಕಂಪ್ಯೂಟರು ಬಂದಿದ್ದರೂ ನನ್ನ ಅಂಗಿಯ ಮೇಲಿನ ಮಸಿ ಆರಿರಲಿಲ್ಲ.

ಅಂಥ ದಿನಗಳಲ್ಲಿ ನನ್ನ ಹೆಂಡತಿ ಸುಶೀಲಾಳಿಗೆ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ವರ್ಷಗಟ್ಟಲೆ ಕಾಯ್ದು ಗಿಟ್ಟಿಸಿದ ಕೆಲಸ. ಆದರೆ ಈಕೆಯ ಮೇಲೆ ಪೊಲೀಸ್ ಕೇಸು ಇಲ್ಲವೆಂದು ಖಾತ್ರಿಯಾಗಲು ಹತ್ತೂ ಬೆರಳಿನ ಸ್ಪಷ್ಟವಾದ ಅಚ್ಚು ಬೇಕಂತೆ. ಗಡುವು ಮೀರಿದರೆ ಆ ಜಾಗ ಇನ್ನೊಬ್ಬಳಿಗೆ.

“ನಾ ಒಬ್ಬಾಕೀನ ಠಾಣೇಕ ಹೋಗಿ ಬರ್ತೇನ್ರಿ,” ಎಂದಳು.

“ಮಸಿ ಕೆಲಸ ನಾ ಇಲ್ದ ಹ್ಯಾಂಗ ಆಕ್ಕೈತಿ?” ಎಂದು ನಾನೂ ಹೊರಟೆ.

ಠಾಣೆಯಲ್ಲಿ ಹವಾಲ್ದಾರರು ಅವಳ ಬೆರಳಿಗೆ ತೆಳ್ಳಗೆ ಮಸಿ ಹಚ್ಚಿದರು. ನನಗೆ ತಡೆಯಲಾಗಲಿಲ್ಲ. “ಇಷ್ಟು ಸಾಲೂದಿಲ್ರಿ ಸಾಹೇಬ್ರ! ದಪ್ಪ ಹಚ್ರಿ, ಗಟ್ಟಿ ಒತ್ರಿ!” ಎಂದು ಅವಳ ಬೆರಳುಗಳನ್ನು ನಾನೇ ಹಿಡಿದು ಒತ್ತಿದೆ. ಕೆಲವೇ ದಿನಗಳಲ್ಲಿ ಮೇಲಿನ ಕಚೇರಿಯಿಂದ ಫಾರ್ಮು ಮರಳಿ ಬಂತು. ಒಂದೂ ಗೆರೆ ಕಾಣುತ್ತಿಲ್ಲವಂತೆ. ನೋಡಿದರೆ ಹತ್ತು ಸುಟ್ಟ ಬದನೆಕಾಯಿ!

ತಪ್ಪು ಠಾಣೆಯ ಮಸಿಯದು ಎಂದು ನಾನು ತೀರ್ಪು ಕೊಟ್ಟೆ. ಹವಾಲ್ದಾರರನ್ನು ಕಾಡಿ ಬೇಡಿ ಪ್ರೆಸ್ಸಿಗೇ ಕರೆತಂದೆ. ಮೊದಲು ಪರೀಕ್ಷೆಗೆಂದು ಬಾಜೂ ಬಟ್ಟೆ ಅಂಗಡಿಯ ಅಪ್ಪಾಸಾಹೇಬ ಕಾಕಾನ ಕೈಗೆ ರೋಲರ್ ಹೊಡೆದೆ. ಅಚ್ಚು ಬಂಗಾರದಂತೆ ಬಂತು. ನಾನು ಅವರ ಕೈ ಒರೆಸಲು ಸೀಮೆಎಣ್ಣೆ ಹುಡುಕುವಷ್ಟರಲ್ಲಿ ಕಾಕಾನ ಅಂಗಡಿಗೆ ಗಿರಾಕಿ ಬಂದ. ಕಾಕಾ ಓಡಿಹೋಗಿ ಬಿಳಿ ಧೋತರ ಬಿಚ್ಚಿ ತೋರಿಸಿದರು. ಅದರ ಮೇಲೂ ಐದೂ ಬೆರಳು ಬಹಳ ಸ್ಪಷ್ಟವಾಗಿ ಮೂಡಿದವು! ಆ ಧೋತರ ನಾನೇ ಕೊಳ್ಳಬೇಕಾಯಿತು.

ನಂತರ ಸುಶೀಲಾಳ ಸರದಿ. ಫಾರ್ಮಿನ ಎಡಕ್ಕೆ ಎಡಗೈ, ಬಲಕ್ಕೆ ಬಲಗೈ ಬರಬೇಕಿತ್ತು. ನಾನು ಅವಳ ಬಲಗೈಯನ್ನು ಹಿಡಿದು ಎಡಕ್ಕೆ ಇಟ್ಟೆ.

“ರೀ, ಇದು ಬರೋಬ್ಬರಿ ಐತೇನ್ರಿ?”

“ಉಲ್ಟಾ ಇಟ್ರನ ಸೀದಾ ಬರತೈತಿ. ಇಷ್ಟು ವರ್ಷ ಇದನ್ನ ಮಾಡೇನಿ, ನೀ ಸುಮ್ನಿರು.”

ಅಚ್ಚಿನ ಮೊಳೆ ಜೋಡಿಸುವವನ ಕಣ್ಣಿಗೆ ಲೋಕವೇ ತಿರುಗಿ ಕಾಣುತ್ತದೆ. ಮೊಳೆಯಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಆದರೆ ಹೆಂಡತಿಯ ಕೈ ಮೊಳೆಯಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಅಷ್ಟು ಚೆಂದದ ಅಚ್ಚು ನೋಡಿ ಹವಾಲ್ದಾರರೂ ಮೈಮರೆತು ಸಹಿ ಮಾಡಿದರು.

ಫಾರ್ಮು ಮತ್ತೆ ಬಂತು. ಎರಡೂ ಕೈ ಅದಲುಬದಲು! ಅಚ್ಚು ಅತ್ಯಂತ ಸ್ಪಷ್ಟವಾಗಿದ್ದುದರಿಂದ ತಪ್ಪೂ ಅಷ್ಟೇ ಸ್ಪಷ್ಟವಾಗಿ ಕಂಡಿತ್ತು.

ಸುಶೀಲಾ ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತು ಅತ್ತಳು. “ಗಡುವು ಮುಗಿಯಾಕ ಬಂತಲ್ರಿ...” ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಠಾಣೆಯ ಬಾಗಿಲಲ್ಲೇ ಹವಾಲ್ದಾರರು ನನ್ನನ್ನು ತಡೆದರು. “ಸಾವ್ಕಾರ್ರ, ನೀವು ಹೊರಗ ಕುಂದರ್ರಿ. ಇಲ್ಲಾಂದ್ರ ಒಳಗ ಹಾಕ್ತೇನಿ!” ನಾನು ಬೇವಿನ ಮರದ ಕೆಳಗೆ ಕುಳಿತೆ. ಒಳಗೆ ಅದೇ ತೆಳ್ಳನೆಯ ಮಸಿ, ಅದೇ ಹಗುರ ಕೈ. ಕೆಲಸ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಈ ಸಲ ಫಾರ್ಮು ಮರಳಿ ಬರಲಿಲ್ಲ. ಸುಶೀಲಾ ಕುವೈತಿಗೆ ಹೋದಳು. ಮನೆ ಬಿಕೋ ಎಂದಿತು, ಆದರೂ ಎದೆಯಿಂದ ದೊಡ್ಡ ಭಾರ ಇಳಿಯಿತು.

ಕೆಲವು ತಿಂಗಳ ನಂತರ ಹವಾಲ್ದಾರರು ಪ್ರೆಸ್ಸಿಗೆ ಬಂದರು. ಮಗಳ ಮದುವೆಯಂತೆ. ಆರ್ಡರು ಬಂತೆಂದು ನಾನು ಖುಷಿಯಿಂದ ಕುರ್ಚಿ ಒರೆಸಿದೆ. ಅವರು ಚೀಲದಿಂದ ಅಚ್ಚಾದ ಲಗ್ನಪತ್ರಿಕೆಯನ್ನೇ ತೆಗೆದು ನನ್ನ ಕೈಗಿಟ್ಟರು. ಸಂಕೇಶ್ವರದಲ್ಲಿ ಹೊಡೆಸಿದ್ದು!

“ಸಿಟ್ಟಾಗಬ್ಯಾಡ್ರಿ. ನಿಮ್ಮ ಕಡೆ ಕೊಟ್ಟು, ವರನ ಜಾಗಾದಾಗ ವಧು, ವಧುವಿನ ಜಾಗಾದಾಗ ವರ ಬಂದ್ರ, ಬೀಗರಿಗೆ ನಾ ಏನ್ ಹೇಳ್ಲಿ?”

ನಾನು ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ!